ರೀಮ್ಸ್ ಕೆಥೆಡ್ರಲ್ ಬಾಗಿಲಲ್ಲಿ ಮೇರಿ ಎರಡು ಸಲ ಇದ್ದಾಳೆ, ಆದರೆ ಇಬ್ಬರು ಬೇರೆ ಹೆಂಗಸರ ಹಾಗೆ ಯಾಕೆ?

ಅಲೆಮಾರಿ_ಹಾಸನ

ಹೋದ ವಾರ ಪ್ಯಾರಿಸ್‌ನಲ್ಲಿ ಕೆಲಸ ಮುಗಿದ ಮೇಲೆ ಒಂದು ದಿನ ಉಳಿದಿತ್ತು. ಬೆಳಿಗ್ಗೆ ರೈಲು ಹತ್ತಿ ರೀಮ್ಸ್‌ಗೆ ಹೋದೆ, ಮುಕ್ಕಾಲು ಗಂಟೆ ದಾರಿ. ಫ್ರಾನ್ಸಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಚರ್ಚು ಅನ್ನೋದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಎದುರುಗೋಡೆ ಕಣ್ಣಿಗೆ ಬಿದ್ದಿದ್ದೇ ತಡ, ಕಾಲು ಅಲ್ಲೇ ನಿಂತುಬಿಡ್ತು. ನಾನು ಬೇಲೂರಿನ ಪಕ್ಕದ ಊರಿನವನು, ಕಲ್ಲಿನ ಕೆಲಸ ನೋಡದವನೇನಲ್ಲ. ಆದರೂ ಕೆಳಗಿನ ಬಾಗಿಲವಾಡದಿಂದ ಹಿಡಿದು ಮೇಲಿನ ರಾಜರ ಸಾಲಿನವರೆಗೆ ಇಷ್ಟು ಪ್ರತಿಮೆ ತುಂಬಿಸಿದ ಗೋಡೆ ಎಲ್ಲೂ ನೋಡಿರಲಿಲ್ಲ.

ಈಗ ನನ್ನ ತಲೆ ತಿನ್ನುತ್ತಿರುವ ವಿಷಯ. ನಡುವಿನ ಹೆಬ್ಬಾಗಿಲಿನ ಬಲಗಡೆ ಆಳಿಗಿಂತ ಎತ್ತರದ ನಾಲ್ಕು ಪ್ರತಿಮೆಗಳು ಸಾಲಾಗಿ ನಿಂತಿವೆ. ಎಡದಿಂದ ನೋಡಿದರೆ ಮೊದಲು ರೆಕ್ಕೆಯಿರುವ ಗೇಬ್ರಿಯಲ್ ದೂತ, ಆಮೇಲೆ ಮೇರಿ, ಅವಳ ಪಕ್ಕ ಮತ್ತೆ ಮೇರಿ, ಕೊನೆಗೆ ಅವಳ ನೆಂಟಳು ಎಲಿಜಬೆತ್. ದೂತನ ಮೈ ಬಳುಕಿದೆ, ತುಟಿಯಲ್ಲಿ ನಗು. ಅವನ ಪಕ್ಕದ ಮೇರಿ ಕಂಬದ ಹಾಗೆ ನೇರ, ಬಟ್ಟೆಯಲ್ಲಿ ನಾಲ್ಕೈದು ದಪ್ಪ ಮಡಿಕೆ ಅಷ್ಟೇ. ಅದರ ಪಕ್ಕದ ಮೇರಿಗೋ ಮೈತುಂಬ ಸಣ್ಣ ಸಣ್ಣ ನೆರಿಗೆ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಗ್ರೀಕ್ ದೇವತೆ ಥರ ಇದ್ದಾಳೆ. ಒಂದೇ ಹೆಂಗಸು ಒಂದು ಮೊಳದ ಅಂತರದಲ್ಲಿ ಹೀಗೆ ಪೂರ್ತಿ ಬದಲಾಗೋದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಈ ಚರ್ಚಿಗೆ ಬೆಂಕಿ ಬಿದ್ದಿತ್ತು ಅಂತ ಓದಿದೆ. ರಿಪೇರಿ ಮಾಡಿದವರು ಸಿಕ್ಕ ಸಿಕ್ಕ ಪ್ರತಿಮೆ ತಂದು ನಿಲ್ಲಿಸಿದ್ದಾರೆ ಅಂತ ನನ್ನ ಅನುಮಾನ. ಆ ನಗುವೂ ಆಮೇಲೆ ಕೆತ್ತಿದ್ದೇ ಇರಬೇಕು. ಗೊತ್ತಿದ್ದವರು ಹೇಳಿ.

ಕಲ್ಲುಮಾತು

ನಿಮ್ಮ ಕಣ್ಣು ಸರಿ, ಕಾರಣ ತಪ್ಪು. ನಾಲ್ಕೂ 13ನೇ ಶತಮಾನದವೇ. ಬೆಂಕಿಗೂ ಈ ವ್ಯತ್ಯಾಸಕ್ಕೂ ಸಂಬಂಧ ಇಲ್ಲ.

ನಾಲ್ಕು ಪ್ರತಿಮೆ, ಮೂರು ಕೈ. ಬಲಗಡೆಯ ಜೋಡಿ, ಅಂದರೆ ಎಲಿಜಬೆತ್ ಮತ್ತು ಅವಳನ್ನು ನೋಡಲು ಬಂದ ಮೇರಿ, ಒಬ್ಬನ ಕೆಲಸ. ಆ ಶಿಲ್ಪಿ ರೋಮನ್ ಶಿಲ್ಪ ನೋಡಿ ಕಲಿತವನು. ರೀಮ್ಸ್ ರೋಮನ್ನರ ಕಾಲದಲ್ಲಿ ದೊಡ್ಡ ಪಟ್ಟಣ, 3ನೇ ಶತಮಾನದ ಮಾರ್ಸ್ ದ್ವಾರ ಇವತ್ತಿಗೂ ಊರೊಳಗೆ ನಿಂತಿದೆ. ಮಾದರಿಗಾಗಿ ಅವನು ರೋಮಿನವರೆಗೆ ಹೋಗಬೇಕಾಗಿರಲಿಲ್ಲ. ಎರಡನೆಯದು, ಆ ಸಪಾಟು ಬಟ್ಟೆಯ ಮೇರಿ: ಇದು ಉತ್ತರ ಫ್ರಾನ್ಸಿನ ಅಮಿಯೆನ್ಸ್ ಕೆಥೆಡ್ರಲ್ಲಿನ ಶೈಲಿ. ಮೂರನೆಯದು ನಗುವ ಗೇಬ್ರಿಯಲ್. ಇವನ ಕೈಯನ್ನು ಅದೇ ಬಾಗಿಲಿನ ಎಡಗಡೆ ಇರುವ ಜೋಸೆಫ್ ಪ್ರತಿಮೆಯಲ್ಲೂ ಕಾಣಬಹುದು. ಅದಕ್ಕೇ ವಿದ್ವಾಂಸರು ಆ ಹೆಸರಿಲ್ಲದ ಶಿಲ್ಪಿಯನ್ನು ಜೋಸೆಫನ ಶಿಲ್ಪಿ ಅಂತಲೇ ಕರೆಯೋದು. ಸಾಮಾನ್ಯವಾಗಿ ಕೊಡುವ ಕಾಲ ನೋಡಿದರೆ ಮೊದಲ ಕೈಗೂ ಕೊನೆಯ ಕೈಗೂ ಇಪ್ಪತ್ತು ವರ್ಷದ ಮೇಲೆ ಅಂತರ ಇದೆ.

ಅಲೆಮಾರಿ_ಹಾಸನ

ಇಪ್ಪತ್ತು ವರ್ಷ ಬೇರೆ ಬೇರೆ ಕಾಲದಲ್ಲಿ ಕೆತ್ತಿದ್ದನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ದರ್ದು ಏನಿತ್ತು?

ಧಾರವಾಡದಾಕಿ

ನಾ ಇದನ್ನ ಒಪ್ಪಂಗಿಲ್ಲ. ಬ್ಯಾರೆ ಕಾಣಸ್ತದ ಅಂದ ಕೂಡಲೇ ಬ್ಯಾರೆ ಶಿಲ್ಪಿ ಅಂತ ಯಾಕ ಅನ್ನಬೇಕು? ಕಥಿ ನೋಡ್ರಿ. ಮೊದಲನೇ ಮೇರಿ ಏನೂ ಅರೀದ ಹುಡುಗಿ, ದೂತ ಬಂದು ನಿನ್ನ ಹೊಟ್ಟ್ಯಾಗ ಯೇಸು ಹುಟ್ತಾನ ಅಂತ ಸುದ್ದಿ ಹೇಳಾಕ ಹತ್ಯಾನ. ಎರಡನೇ ಮೇರಿ ಬಸರಿ. ಮೈ ಕೈ ತುಂಬಿಕೊಂಡ ಹೆಣ್ಣುಮಗಳು, ತನ್ನಂಗ ಬಸರಿ ಆದ ಬಳಗದಾಕಿನ್ನ ನೋಡಾಕ ಬಂದಾಳ. ಹುಡುಗಿಗೆ ಸಪಾಟ ಬಟ್ಟಿ, ತಾಯಿ ಆಗಾಕಿಗೆ ತುಂಬಿದ ನೆರಿಗಿ. ಇದು ಬೇಕಂತನ ಮಾಡಿದ್ದು ಯಾಕ ಇರಬಾರದು? ನಾವು ಗಂಡಸರ ಶೈಲಿ, ಶಾಲೆ ಅಂತ ಮಾತಾಡಿ ಹೆಣ್ಣಿನ ಕಥಿ ಮರತಬಿಡತೀವಿ.

ಕುಡ್ಲದ_ಜೋ

ಕಥೆ ಅಕ್ಕ ಹೇಳಿದ ಹಾಗೇ ಉಂಟು. ನಮ್ಮ ಇಗರ್ಜಿಯಲ್ಲಿ ಜಪಮಾಲೆ ಹೇಳುವಾಗ ಸಂತೋಷದ ರಹಸ್ಯಗಳಲ್ಲಿ ಮೊದಲನೆಯದು ದೂತನ ಸಂದೇಶ, ಎರಡನೆಯದು ಎಲಿಜಬೆತಳ ಭೇಟಿ. ಆ ಬಾಗಿಲಲ್ಲಿ ಅದೇ ಕ್ರಮ. ಎಲಿಜಬೆತಳ ಮುಖ ಗಮನಿಸಿದ್ದೀರಾ? ಪ್ರಾಯ ಆದವಳು, ಕೆನ್ನೆ ಇಳಿದಿದೆ. ಮುದಿ ಪ್ರಾಯದಲ್ಲಿ ಬಸುರಿಯಾದವಳು ಅವಳು, ಹೊಟ್ಟೆಯಲ್ಲಿದ್ದದ್ದು ಮುಂದೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋವಾನ್ನ. ಎದುರುಗಡೆ, ಅಂದರೆ ಬಾಗಿಲಿನ ಎಡಗಡೆ, ಮಗು ಯೇಸುವನ್ನು ದೇವಾಲಯಕ್ಕೆ ತಂದು ಒಪ್ಪಿಸುವ ದೃಶ್ಯ. ಅದು ನಾಲ್ಕನೇ ರಹಸ್ಯ. ಆ ಇಡೀ ಬಾಗಿಲು ಮಾತೆಯದು ಮಾರಾಯ್ರೆ. ಮೇಲೆ ಚೂಪು ಗೋಪುರದಂಥ ತ್ರಿಕೋನದಲ್ಲಿ ಅವಳಿಗೆ ಕಿರೀಟ ಇಡುವುದೂ ಉಂಟು.

ಕಲ್ಲುಮಾತು

ಧಾರವಾಡದಾಕಿ, ನಿಮ್ಮ ಓದು ಚೆನ್ನಾಗಿದೆ. ಆದರೆ ಬಟ್ಟೆಯ ಮಡಿಕೆ ಒಂದೇ ನೋಡಿ ಹೇಳಿದ ಮಾತಲ್ಲ ಅದು. ಎರಡು ಮೇರಿಯರ ಮೂಗು, ಹುಬ್ಬು, ತಲೆ ಹೊರಳಿಸುವ ರೀತಿ ಎಲ್ಲ ಬೇರೆ. ಅರ್ಥಕ್ಕಾಗಿ ಬದಲಿಸಿದ್ದಾದರೆ ಗೇಬ್ರಿಯಲ್ ಮತ್ತು ಅವನು ಮಾತಾಡಿಸುತ್ತಿರುವ ಮೇರಿ ಒಂದೇ ಕೈಯವು ಇರಬೇಕಿತ್ತಲ್ಲ? ಅವೆರಡರ ನಡುವಿನ ಅಂತರವೂ ಅಷ್ಟೇ ದೊಡ್ಡದು.

ರೈನ್_ದಂಡೆ

ಕಾಲದ ವಿಷಯಕ್ಕೆ ಜರ್ಮನಿಯಿಂದ ಒಂದು ಸಾಕ್ಷಿ ಇದೆ. ಬಾಂಬೆರ್ಗ್ ಕೆಥೆಡ್ರಲ್ಲಿನಲ್ಲೂ ಮೇರಿ ಮತ್ತು ಎಲಿಜಬೆತ್ ಪ್ರತಿಮೆಗಳಿವೆ. ರೀಮ್ಸ್‌ನ ಈ ಜೋಡಿ ನೋಡಿದವರು ಅಥವಾ ಅಲ್ಲಿ ಕೆಲಸ ಮಾಡಿದವರು ಬಂದು ಕೆತ್ತಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಅದೇ ಗಿಜಿಗುಡುವ ನೆರಿಗೆ, ಅದೇ ನಿಲುವು. ಅಲ್ಲೂ ಒಬ್ಬ ನಗುವ ದೂತ ಇದ್ದಾನೆ. ಬಾಂಬೆರ್ಗ್ ಚರ್ಚಿನ ಪ್ರತಿಷ್ಠೆ ಆಗಿದ್ದು 1237ರಲ್ಲಿ. ಹಾಗಾಗಿ ರೀಮ್ಸ್‌ನ ಭೇಟಿಯ ಜೋಡಿ ಅದಕ್ಕೂ ಮೊದಲೇ ಸಿದ್ಧವಾಗಿತ್ತು ಅಂತ ಹೆಚ್ಚಿನವರು ಹೇಳೋದು. ಆದರೆ ಆಗ ರೀಮ್ಸ್‌ನ ಈಗಿನ ಎದುರುಗೋಡೆ ಎದ್ದೇ ಇರಲಿಲ್ಲ! ಅದು ಮೇಲೇಳಲು ಶುರುವಾಗಿದ್ದು 1250ರ ದಶಕದಲ್ಲಿ.

ಅಲೆಮಾರಿ_ಹಾಸನ

ಗೋಡೆಗಿಂತ ಮೊದಲೇ ಪ್ರತಿಮೆ?

ಉಳಿಪೆಟ್ಟು

ಅದರಲ್ಲಿ ಆಶ್ಚರ್ಯ ಏನಿಲ್ಲ ಸಾರ್. ನಾನು ಕಲ್ಲು ಕೆಲಸದವನು, ನಮ್ಮ ಕೊಟ್ಟಿಗೆಯಲ್ಲಿ ಈಗಲೂ ಹಾಗೇ. ದೇವಸ್ಥಾನದ ಪಾಯ ತೋಡೋಕೆ ಮುಂಚೆ ಮೂರ್ತಿ ಆರ್ಡರ್ ಬರುತ್ತೆ. ಕೆತ್ತಿ ಮಲಗಿಸಿ ಇಟ್ಟಿರ್ತೀವಿ, ಕಟ್ಟಡ ತಯಾರಾದಾಗ ಸಾಗಿಸ್ತೀವಿ. ಕೆಲವು ಸಲ ಕಟ್ಟಡ ನಿಂತೇ ಹೋಗುತ್ತೆ, ಮೂರ್ತಿ ಹತ್ತು ವರ್ಷ ಗೋಣಿಚೀಲ ಹೊದ್ದು ಕೂತಿರುತ್ತೆ.

ಈ ಪ್ರತಿಮೆಗಳ ಫೋಟೋಗಳನ್ನ ಈಗ ದೊಡ್ಡದು ಮಾಡಿ ನೋಡಿದೆ. ಅಕ್ಕೋರು ಕೇಳಿದ್ದಕ್ಕೆ ಹೇಳ್ತೀನಿ. ಒಬ್ಬನೇ ಎರಡು ಥರ ನೆರಿಗೆ ಹಾಕಬಲ್ಲ, ಗಿರಾಕಿ ಕೇಳಿದ ಹಾಗೆ ನಾನೂ ಹಾಕ್ತೀನಿ. ಆದರೆ ಬೆರಳು, ಕಿವಿ, ಕಣ್ಣಿನ ರೆಪ್ಪೆ ಎತ್ತೋ ರೀತಿ, ಇವು ಕೈಗೆ ಅಂಟಿದ ಅಭ್ಯಾಸ. ಅವನ್ನ ಬದಲಿಸಕ್ಕೆ ಆಗಲ್ಲ. ಆ ಇಬ್ಬರು ಹೆಂಗಸರ ರೆಪ್ಪೆ ಒಬ್ಬನದಲ್ಲ.

ಧಾರವಾಡದಾಕಿ

ಉಳಿ ಹಿಡಿದವ್ರು ಹೇಳಿದ ಮ್ಯಾಲೆ ಕೈ ಬ್ಯಾರೆ ಅನ್ನೂದು ಒಪ್ಪಿದೆ. ಆದ್ರ ಅವನ್ನ ಆ ಕ್ರಮದಾಗ ಜೋಡಿಸಿ ನಿಲ್ಲಿಸಿದವನು ಒಬ್ಬ ಇದ್ನಲ್ಲ? ಅವಂಗ ಕಣ್ಣಿತ್ತು. ಅದನ್ನ ಬಿಡಂಗಿಲ್ಲ ನಾ.

ಕಲ್ಲುಮಾತು

ಆ ಮಾತಿಗೆ ನನ್ನ ತಕರಾರಿಲ್ಲ.

ಅಲೆಮಾರಿಯವರ ಮೂಲ ಪ್ರಶ್ನೆಗೆ ಈಗ ಉತ್ತರ ಹತ್ತಿರ ಬಂತು. ಹಳೆಯ ಚರ್ಚು 1210ರಲ್ಲಿ ಸುಟ್ಟುಹೋಯಿತು. 1211ರ ಮೇ 6ರಂದು ಹೊಸದಕ್ಕೆ ಅಡಿಗಲ್ಲು. ಕೆಲಸ ಪೂರ್ವದ ತುದಿಯಿಂದ ಪಶ್ಚಿಮಕ್ಕೆ ಬರುತ್ತಿತ್ತು. ನಡುವೆ 1233ರಲ್ಲಿ ಊರಿನ ಜನ ಆರ್ಚ್‌ಬಿಷಪ್ ವಿರುದ್ಧ ದಂಗೆ ಎದ್ದರು, ಪಾದ್ರಿಗಳು ಊರು ಬಿಟ್ಟು ಓಡಿದರು, ಕೆಲಸ 1236ರವರೆಗೆ ನಿಂತಿತು. ಅಷ್ಟರಲ್ಲಿ ಕೆತ್ತಿಟ್ಟ ಪ್ರತಿಮೆಗಳು ಇದ್ದವು. ಪಶ್ಚಿಮದ ಗೋಡೆ ಕಟ್ಟುವ ಕಾಲಕ್ಕೆ ನಕ್ಷೆಯೇ ಬದಲಾಗಿತ್ತು. ಹಳೆಯ ದಾಸ್ತಾನನ್ನೂ ಹೊಸದಾಗಿ ಕೆತ್ತಿದ್ದನ್ನೂ ಸೇರಿಸಿ ನಿಲ್ಲಿಸಿದರು. ಬಲಗಡೆಯ ಸಣ್ಣ ಬಾಗಿಲಿಗೆ ಹೋಗಿ ನೋಡಿ, ಅಲ್ಲಿರುವ ಅಬ್ರಹಾಂ, ಮೋಶೆ, ಯೆಶಾಯ, ಸಿಮಿಯೋನ್ ಇನ್ನೂ ಹಳಬರು. ಫ್ರಾನ್ಸಿನ ಇನ್ನೊಂದು ದೊಡ್ಡ ಚರ್ಚಾದ ಶಾರ್ತ್ರ್‌ನ ಪ್ರತಿಮೆಗಳ ನೆಂಟರ ಹಾಗಿದ್ದಾರೆ.

ಇನ್ನೊಂದು: ಕಲ್ಲುಗಳ ಮೇಲೆ ಜೋಡಣೆಯ ಗುರುತುಗಳಿವೆ. ಯಾವ ಬಾಗಿಲು, ಯಾವ ಪಕ್ಕ ಅಂತ ಕಟ್ಟುವವರಿಗೆ ತಿಳಿಯಲು ಗೀಚಿದ್ದು. ಅವನ್ನು ಹಿಡಿದು, ಈಗಿನ ಗೇಬ್ರಿಯಲ್ ಮೊದಲು ಎಡಬಾಗಿಲಿನ ಹುತಾತ್ಮ ಸಂತನ ಪಕ್ಕಕ್ಕೆ ಮೀಸಲಾಗಿದ್ದ, ಜಾಗ ಅದಲು ಬದಲಾಯಿತು ಅಂತ ವಾದಿಸುವವರಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತೆ. ಎಡಬಾಗಿಲಿನ ಪ್ರಸಿದ್ಧ ನಗುವ ದೂತನಿಗೂ ಇವನಿಗೂ ಒಂದೇ ಮನೆಯ ಕಳೆ.

ಒಂಟಿಕೊಪ್ಪಲ್

ಊರಿನ ಹೆಸರು ರೀಮ್ಸ್ ಅಲ್ಲ, ರ‍್ಯಾಂಸ್. ಮೂಗಿನಲ್ಲಿ ಹೇಳಬೇಕು. ಟಿಕೆಟ್ ಕೌಂಟರ್‌ನಲ್ಲಿ ಮೂರು ಸಲ ರೀಮ್ಸ್ ಅಂದೆ, ಅವರಿಗೆ ತಿಳಿಯಲೇ ಇಲ್ಲ, ಬರೆದು ತೋರಿಸಿದೆ.

ಅಲೆಮಾರಿ_ಹಾಸನ

ಕನ್ನಡ ಪೇಪರುಗಳಲ್ಲಿ ರೀಮ್ಸ್ ಅಂತಲೇ ಓದಿದ್ದು. ಇಲ್ಲಿ ಅದೇ ಇರಲಿ, ಎಲ್ಲರಿಗೂ ಹುಡುಕೋಕೆ ಸಿಗುತ್ತೆ.

ನಗುವ ದೂತನ ವಿಷಯ ಯಾರೂ ಹೇಳಲಿಲ್ಲ. ಆ ನಗು ಹಳೆಯದೇ?

ರೈನ್_ದಂಡೆ

ಹಳೆಯದೇ. ಅದರ ಕಥೆ ಹೇಳ್ತೀನಿ, ಜರ್ಮನಿಯಲ್ಲಿ ಬದುಕುವ ನನಗೆ ಅದು ಸುಲಭದ ಕಥೆಯಲ್ಲ.

1914ರ ಸೆಪ್ಟೆಂಬರ್ 19. ಉತ್ತರದ ಗೋಪುರಕ್ಕೆ ರಿಪೇರಿಗಾಗಿ ಮರದ ಅಟ್ಟಣಿಗೆ ಕಟ್ಟಿದ್ದರು. ಜರ್ಮನ್ ಫಿರಂಗಿ ಗುಂಡು ಬಿದ್ದು ಅಟ್ಟಣಿಗೆ ಹೊತ್ತಿಕೊಂಡಿತು. ಒಳಗೆ ಗಾಯಗೊಂಡ ಜರ್ಮನ್ ಸೈನಿಕರನ್ನೇ ಹುಲ್ಲಿನ ಹಾಸಿನ ಮೇಲೆ ಮಲಗಿಸಿದ್ದರು. ಹುಲ್ಲಿಗೂ ಬೆಂಕಿ, ಮೇಲಿನ ಮರದ ಮಾಡಿಗೂ ಬೆಂಕಿ, ಮಾಡಿನ ಸೀಸ ಕರಗಿ ನೀರಿನ ಹಾಗೆ ಸುರಿಯಿತು. ಉರಿಯುತ್ತಿದ್ದ ತೊಲೆಯೊಂದು ಬಡಿದು ಎಡಬಾಗಿಲಿನ ಆ ಪ್ರಸಿದ್ಧ ನಗುವ ದೂತನ ತಲೆ ನಾಲ್ಕೂವರೆ ಮೀಟರ್ ಕೆಳಗೆ ಬಿದ್ದು ಚೂರಾಯಿತು. ಮಾರನೇ ದಿನ ಚರ್ಚಿನ ಪಾದ್ರಿಯೊಬ್ಬರು ಚೂರುಗಳನ್ನು ಆರಿಸಿ ಆರ್ಚ್‌ಬಿಷಪ್ ಮನೆಯ ನೆಲಮಾಳಿಗೆಯಲ್ಲಿ ಇಟ್ಟರು. 1915ರ ಕೊನೆಗೆ ಅವು ವಾಸ್ತುಶಿಲ್ಪಿ ಮಾಕ್ಸ್ ಸೈನ್‌ಸೋಲ್ಯೂ ಕೈಗೆ ಸಿಕ್ಕಿದವು. ಪ್ಯಾರಿಸ್‌ನ ಶಿಲ್ಪ ವಸ್ತುಸಂಗ್ರಹಾಲಯದಲ್ಲಿ ಯುದ್ಧಕ್ಕೆ ಮುಂಚೆ ತೆಗೆದ ಪ್ಲಾಸ್ಟರ್ ಅಚ್ಚು ಇತ್ತು. ಅದನ್ನು ನೋಡಿಕೊಂಡೇ ಚೂರು ಜೋಡಿಸಿ, 1926ರ ಫೆಬ್ರವರಿಯಲ್ಲಿ ತಲೆಯನ್ನು ಸ್ವಸ್ಥಾನಕ್ಕೆ ಏರಿಸಿದರು. ನಗು ಯಾರ ಕಲ್ಪನೆಯೂ ಅಲ್ಲ, ಅಚ್ಚೇ ಸಾಕ್ಷಿ.

1962ರ ಜುಲೈ 8ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಇಬ್ಬರೂ ಇದೇ ಚರ್ಚಿನಲ್ಲಿ ಅಕ್ಕಪಕ್ಕ ಕೂತು ಪೂಜೆಯಲ್ಲಿ ಪಾಲ್ಗೊಂಡರು. ಅದರ ನೆನಪಿನ ಕಲ್ಲು ಮುಂದಿನ ಅಂಗಳದ ನೆಲದಲ್ಲಿದೆ. ನಾನು ನನ್ನ ಜರ್ಮನ್ ಅತ್ತೆಯ ಜೊತೆ ಅಲ್ಲಿ ನಿಂತಿದ್ದೆ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ.

ಕುಡ್ಲದ_ಜೋ

ಕರಗಿದ ಸೀಸದ ಗುರುತು ಈಗಲೂ ಉಂಟು! ಪಕ್ಕದ ತಾವ್ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಗಾರ್ಗೊಯ್ಲ್‌ಗಳನ್ನು ಇಟ್ಟಿದ್ದಾರೆ. ಮಳೆನೀರು ಉಗುಳುವ ಕಲ್ಲಿನ ಮೃಗಗಳು. ಬಾಯಿಯಿಂದ ಸೀಸ ಹರಿದು ಹಾಗೇ ಹೆಪ್ಪುಗಟ್ಟಿದೆ. ನೋಡಿ ನನಗೆ ಕಣ್ಣು ತುಂಬಿ ಬಂತು. ಬಾಗಿಲ ಮೇಲಿನ ಮಾತೆಯ ಕಿರೀಟಧಾರಣೆಯ ಮೂಲ ಶಿಲ್ಪವೂ ಅಲ್ಲೇ ಉಂಟು, ಹೊರಗೆ ಇರುವುದು ನಕಲು.

ಉಳಿಪೆಟ್ಟು

ಸುಣ್ಣಕಲ್ಲಿಗೆ ಬೆಂಕಿ ಅಂದರೆ ಯಮ. ಕಾವು ಹೆಚ್ಚಾದರೆ ಕಲ್ಲು ಸುಟ್ಟ ಸುಣ್ಣ ಆಗಿಬಿಡುತ್ತೆ, ಹಪ್ಪಳದ ಹಾಗೆ ಪದರ ಪದರ ಏಳುತ್ತೆ. ಕಣಶಿಲೆ ಆಗಿದ್ದರೆ ಬಿರಿಯುತ್ತೆ, ಅದು ಬೇರೆ ಥರ.

ಸಿವಿಲ್_ಶೇಷ

ಎಲ್ಲರೂ ಪ್ರತಿಮೆ ಬಗ್ಗೆಯೇ ಮಾತಾಡ್ತಿದ್ದೀರಿ, ಗೋಡೆ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಪ್ರತಿಮೆ ನಿಲ್ಲೋಕೆ ಆ ಜಾಗ ಹುಟ್ಟಿದ್ದೇ ಹೇಗೆ ಅನ್ನೋದು ಎಂಜಿನಿಯರಿಂಗ್ ಪ್ರಶ್ನೆ.

ಒಳಗಿನ ಹಜಾರ 38 ಮೀಟರ್ ಎತ್ತರ. ಚೂಪು ಕಮಾನುಗಳು ಸಾಲಾಗಿ ಒಂದನ್ನೊಂದು ಪಶ್ಚಿಮಕ್ಕೆ ತಳ್ಳುತ್ತಾ ಬರುತ್ತವೆ. ಕೊನೆಯಲ್ಲಿ ಆ ತಳ್ಳುವಿಕೆಯನ್ನು ಯಾರಾದರೂ ಹೊರಬೇಕಲ್ಲ? ಎರಡು ಗೋಪುರದ ತೂಕ ಮತ್ತು ಎದುರುಗೋಡೆಯಿಂದ ಮುಂದಕ್ಕೆ ಚಾಚಿದ ದಪ್ಪ ಆನಿಕೆಗೋಡೆಗಳು ಆ ಕೆಲಸ ಮಾಡುತ್ತವೆ. ಆನಿಕೆಗಳ ನಡುವೆ ಆಳವಾದ ಗೂಡು ಉಳಿಯುತ್ತೆ. ಆ ಗೂಡಿನೊಳಗೇ ಬಾಗಿಲು ಕೂತಿದೆ, ಅದಕ್ಕೇ ಬಾಗಿಲವಾಡ ಅಷ್ಟು ಆಳ, ಅದಕ್ಕೇ ಪ್ರತಿಮೆಗಳಿಗೆ ಸಾಲಾಗಿ ನಿಲ್ಲೋ ಜಾಗ. ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲಿ ಆನಿಕೆಗಳು ನೇರ ಕಾಣುತ್ತವೆ. ರೀಮ್ಸ್‌ನವರು ಮೂರು ಬಾಗಿಲನ್ನೂ ಮುಂದಕ್ಕೆ ತಂದು, ಮೇಲೆ ತ್ರಿಕೋನ ಇಟ್ಟು, ಆನಿಕೆಯ ಬುಡ ಕಾಣದ ಹಾಗೆ ಮುಚ್ಚಿದರು.

ಬಾಗಿಲ ನೆತ್ತಿ ನೋಡಿ. ಬೇರೆ ಗೋಥಿಕ್, ಅಂದರೆ ಇಂಥ ಚೂಪು ಕಮಾನಿನ ಶೈಲಿಯ ಚರ್ಚುಗಳಲ್ಲಿ ಅಲ್ಲಿ ಕಲ್ಲಿನ ಫಲಕ, ಅದರ ತುಂಬ ಅಂತಿಮ ತೀರ್ಪಿನ ದೃಶ್ಯ. ಇಲ್ಲಿ ಕಲ್ಲೇ ಇಲ್ಲ, ಗಾಜಿನ ಕಿಟಕಿ! ಆ ಶಿಲ್ಪಗಳನ್ನೆಲ್ಲ ಮೇಲಿನ ತ್ರಿಕೋನಕ್ಕೆ ಏರಿಸಿಬಿಟ್ಟರು. ಕಿಟಕಿಯ ವಿಷಯದಲ್ಲಿ ಈ ಊರಿನ ಕೊಡುಗೆ ದೊಡ್ಡದು. ಮುಂಚೆ ಕಲ್ಲಿನ ಹಲಗೆಯಲ್ಲಿ ತೂತು ಕೊರೆದ ಹಾಗೆ ಕಿಟಕಿ ಮಾಡುತ್ತಿದ್ದರು. ರೀಮ್ಸ್‌ನಲ್ಲಿ ತೆಳು ಕಲ್ಲಿನ ಪಟ್ಟಿಗಳನ್ನು ಅಚ್ಚಿನ ಪ್ರಕಾರ ಕತ್ತರಿಸಿ ಬಡಗಿ ಚೌಕಟ್ಟು ಕೂಡಿಸಿದಂತೆ ಜೋಡಿಸಿದರು. 13ನೇ ಶತಮಾನದ ವಿಲಾರ್ ದ ಒನ್ನೆಕೂರ್ ಎಂಬಾತನ ಚಿತ್ರಪುಸ್ತಕ ಉಳಿದಿದೆ, ಅದರಲ್ಲಿ ಈ ಕಿಟಕಿ ಬರೆದುಕೊಂಡಿದ್ದಾನೆ. ಅಂದರೆ ಆ ಕಾಲದಲ್ಲೇ ಇದು ನೋಡಿ ಕಲಿಯೋ ಹೊಸ ವಿದ್ಯೆ.

ಬಸವನಗುಡಿ_ಹುಡ್ಗ

ಗೋಪುರ ಯಾಕೆ ಮೊಂಡಾಗಿದೆ? ನಮ್ಮ ಮೈಸೂರು ಫಿಲೋಮಿನಾ ಚರ್ಚಿಗೆ ಎಷ್ಟು ಚಂದದ ಚೂಪು ತುದಿ ಇದೆ.

ಒಂಟಿಕೊಪ್ಪಲ್

ಫಿಲೋಮಿನಾ 20ನೇ ಶತಮಾನದ್ದು ಸ್ವಾಮಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು, ಮಾದರಿ ಜರ್ಮನಿಯ ಕೊಲೋನ್ ಕೆಥೆಡ್ರಲ್. ಗೋಪುರ 175 ಅಡಿ. ಚಿಕ್ಕಂದಿನಲ್ಲಿ ನಮ್ಮ ಮಹಡಿ ಮೇಲಿಂದ ಕಾಣುತ್ತಿತ್ತು, ಅದನ್ನು ನೋಡಿಯೇ ನನಗೆ ಗೋಥಿಕ್ ಹುಚ್ಚು ಹಿಡಿದಿದ್ದು. ಆದರೆ ಶಿಲ್ಪಕ್ಕಾಗಿ ಅಲ್ಲಿಗೆ ಹೋಗಬೇಡಿ, ಎದುರುಗೋಡೆಯಲ್ಲಿ ರೀಮ್ಸ್ ಥರದ ಪ್ರತಿಮೆ ಸಾಲು ಇಲ್ಲ. ಆಕಾರದ ಸೊಬಗು ಅದರದ್ದು.

ಸಿವಿಲ್_ಶೇಷ

ರೀಮ್ಸ್‌ಗೂ ಚೂಪು ತುದಿಯ ಯೋಜನೆ ಇತ್ತು. ಗೋಪುರಗಳು 15ನೇ ಶತಮಾನದವರೆಗೆ ಎಳೆದವು. 1481ರಲ್ಲಿ ಮಾಡು ಸುಟ್ಟುಹೋಯಿತು, ಹಣವೆಲ್ಲ ಅದರ ರಿಪೇರಿಗೆ ಹೋಯಿತು, ತುದಿ ಏರಲೇ ಇಲ್ಲ. 81 ಮೀಟರಿಗೆ ನಿಂತಿತು. ನನಗೆ ಹಾಗೇ ಚೆನ್ನ. ಚೂಪು ಬಂದಿದ್ದರೆ ರಾಜರ ಸಾಲಿನಿಂದ ಕಣ್ಣು ಜಾರಿ ಮೇಲೆ ಹೋಗುತ್ತಿತ್ತು.

ಬಸವನಗುಡಿ_ಹುಡ್ಗ

ಆ ರಾಜರು ಯಾರು? ಬೈಬಲ್ಲಿನವರೋ ಫ್ರಾನ್ಸಿನವರೋ?

ಕಲ್ಲುಮಾತು

ಅದೇ ಹಳೇ ಜಗಳ. ಒಟ್ಟು 56 ಪ್ರತಿಮೆ, ಒಂದೊಂದೂ ನಾಲ್ಕೂವರೆ ಮೀಟರ್. ನಡುವೆ ಫ್ರಾಂಕರ ರಾಜ ಕ್ಲೋವಿಸ್ ದೀಕ್ಷಾಸ್ನಾನದ ತೊಟ್ಟಿಯಲ್ಲಿ ನಿಂತಿದ್ದಾನೆ, ಪಕ್ಕದಲ್ಲಿ ಅವನಿಗೆ ದೀಕ್ಷೆ ಕೊಟ್ಟ ಬಿಷಪ್ ಸಂತ ರೆಮಿ. ಐದನೇ ಶತಮಾನದ ಕೊನೆಗೆ ಈ ಊರಲ್ಲೇ ನಡೆದ ಘಟನೆ ಅದು, ಇಲ್ಲಿ ಪಟ್ಟ ಕಟ್ಟುವ ಪದ್ಧತಿಗೆ ಮೂಲ. ಆದ್ದರಿಂದ ಇಲ್ಲಿ ಫ್ರಾನ್ಸಿನ ರಾಜರು ಅಂತ ಓದುವುದು ನ್ಯಾಯ. ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲಿ ಮಾತ್ರ 28 ಜನ ಬೈಬಲ್ಲಿನ ಯೂದಾಯದ ರಾಜರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅವರನ್ನೇ ಫ್ರಾನ್ಸಿನ ದೊರೆಗಳೆಂದು ತಿಳಿದು ತಲೆ ಹಾರಿಸಿದರು. 21 ತಲೆಗಳು 1977ರಲ್ಲಿ ನೆಲ ಅಗೆಯುವಾಗ ಸಿಕ್ಕವು, ಈಗ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿವೆ.

ಚಿತ್ತಾರ

ಯಾರೂ ಬಣ್ಣದ ಸುದ್ದಿ ಎತ್ತಲಿಲ್ಲ. ಇವೆಲ್ಲ ಬಣ್ಣ ಬಳಿದ ಪ್ರತಿಮೆಗಳು. ನಾವು ಈಗ ನೋಡುವ ಬೂದು ಕಲ್ಲು ಅವರು ನೋಡಿದ್ದಲ್ಲ. ಅಮಿಯೆನ್ಸ್‌ನಲ್ಲಿ 1990ರ ದಶಕದಲ್ಲಿ ಲೇಸರ್‌ನಿಂದ ಮಸಿ ತೆಗೆದಾಗ ಮಡಿಕೆಗಳ ಸಂದಿಯಲ್ಲಿ ಹಳೆಯ ಬಣ್ಣದ ಕುರುಹು ಸಿಕ್ಕವು. ಈಗ ರಾತ್ರಿ ದೀಪದ ಬೆಳಕಿನಲ್ಲೇ ಆ ಬಣ್ಣಗಳನ್ನು ಎದುರುಗೋಡೆಯ ಮೇಲೆ ಬಿಡುತ್ತಾರೆ. ನಾನು ಅದನ್ನು ನೋಡಿದ ಮೇಲೆ ಶೈಲಿ ವ್ಯತ್ಯಾಸದ ಈ ಇಡೀ ಚರ್ಚೆಗೆ ಇನ್ನೊಂದು ಮುಖ ಇದೆ ಅನ್ನಿಸಿತು. ಎರಡೂ ಮೇರಿಗೆ ಒಂದೇ ನೀಲಿ ಸೆರಗು ಬಳಿದಿದ್ದರೆ, ದೂರದಿಂದ ನೋಡುವವನಿಗೆ ಕೆತ್ತನೆಯ ವ್ಯತ್ಯಾಸ ಅಷ್ಟು ಹೊಡೆಯುತ್ತಿರಲಿಲ್ಲ. ನೀಲಿ ಅಂದದ್ದು ಉದಾಹರಣೆಗೆ, ಅಲ್ಲಿ ಯಾವ ಬಣ್ಣ ಇತ್ತೆಂದು ನಾನು ಹೇಳುತ್ತಿಲ್ಲ.

ಧಾರವಾಡದಾಕಿ

ಇದು ಪಕ್ಕಾ ಮಾತು! ಜೋಡಿಸಿದವಂಗ ಕಣ್ಣಿತ್ತು ಅಂತ ನಾ ಅಂದದ್ದು ಇದನ್ನ. ಬಣ್ಣ ಬಳದ ಮ್ಯಾಲೆ ಒಂದ ಕಥಿ ಆಗಿ ಕಾಣಸ್ತಿತ್ತು ಅಂದ್ರ, ಯಾವ ಉಳಿ ಎಲ್ಲಿಂದ ಬಂತು ಅನ್ನೂದು ಆವಾಗಿನ ಮಂದಿಗೆ ಬೇಕಾಗಿರಲಿಲ್ಲ.

ಕಲ್ಲುಮಾತು

ಒಳ್ಳೆಯ ಅಂಶ, ನಾನು ಯೋಚಿಸಿರಲಿಲ್ಲ. ಆದರೆ ನಿಲುವನ್ನು ಬಣ್ಣ ಮುಚ್ಚಲಾರದು. ಒಂದು ಮೊಣಕಾಲು ಮುಂದೆ ಬಾಗಿದವಳು ಬಣ್ಣ ಬಳಿದರೂ ಬಾಗಿದವಳೇ.

ಅಲೆಮಾರಿ_ಹಾಸನ

ಒಂದು ಸಂಕಟ ಉಳಿಯಿತು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಅಂತ ಕಲ್ಲಿನ ಮೇಲೆ ಹೆಸರು ಓದಬಹುದು. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಅದೂ 13ನೇ ಶತಮಾನವೇ, ರೀಮ್ಸ್‌ನ ಈ ಗೋಡೆ ಏಳುತ್ತಿದ್ದ ಹೊತ್ತೇ. ಇಲ್ಲಿ ಇಷ್ಟು ದೊಡ್ಡ ಶಿಲ್ಪಿಗೆ ಜೋಸೆಫನ ಶಿಲ್ಪಿ ಅಂತ ಸಾಲದ ಹೆಸರು. ಬೇಜಾರಾಯಿತು.

ಸಿವಿಲ್_ಶೇಷ

ಶಿಲ್ಪಿಗಳ ಹೆಸರು ಇಲ್ಲ, ಕಟ್ಟಿದ ಮೇಸ್ತ್ರಿಗಳ ಹೆಸರು ಇತ್ತು. ಹಜಾರದ ನೆಲದಲ್ಲಿ ಚಕ್ರವ್ಯೂಹದ ವಿನ್ಯಾಸ ಇತ್ತು, ನಾಲ್ಕು ಮೂಲೆಯಲ್ಲಿ ನಾಲ್ವರು: ಜ್ಯಾನ್ ದೊರ್ಬೆ, ಜ್ಯಾನ್ ಲ ಲೂ, ಗೋಶೆ ದ ರ‍್ಯಾಂಸ್, ಬೆರ್ನಾರ್ ದ ಸ್ವಾಸೋಂ. ಯಾರು ಏನು ಮಾಡಿದರೆಂದೂ ಬರೆದಿತ್ತು. ಜ್ಯಾನ್ ಲ ಲೂ 16 ವರ್ಷ ದುಡಿದು ಬಾಗಿಲುಗಳನ್ನು ಶುರು ಮಾಡಿದವನು, ಗೋಶೆ 8 ವರ್ಷ ಬಾಗಿಲು ಮತ್ತು ಅವುಗಳ ಕಮಾನಿನ ಮೇಲೆ ಕೆಲಸ ಮಾಡಿದವನು. ಬೆರ್ನಾರ್ 35 ವರ್ಷ, ಪಶ್ಚಿಮದ ಗುಂಡು ಕಿಟಕಿ ಅವನ ಲೆಕ್ಕಕ್ಕೆ. ಅಲೆಮಾರಿಯವರೇ, ನೀವು ನೋಡಿದ ಗೋಡೆಯ ಹಿಂದಿನ ತಲೆಗಳು ಇವೇ.

ಬಸವನಗುಡಿ_ಹುಡ್ಗ

ಇತ್ತು ಅಂದರೆ? ಈಗ ಇಲ್ವಾ?

ಸಿವಿಲ್_ಶೇಷ

1779ರಲ್ಲಿ ಕಿತ್ತುಹಾಕಿದರು. ಪೂಜೆ ನಡೆಯುವಾಗ ಮಕ್ಕಳು ಅದರ ಮೇಲೆ ಆಡಿ ಗದ್ದಲ ಮಾಡುತ್ತಿದ್ದರಂತೆ. ಅದಕ್ಕೂ ಇನ್ನೂರು ವರ್ಷ ಹಿಂದೆ ಒಬ್ಬ ಚಿತ್ರ ಬರೆದಿಟ್ಟಿದ್ದರಿಂದ ರೂಪ ಗೊತ್ತು. ಫ್ರಾನ್ಸಿನಲ್ಲಿ ಐತಿಹಾಸಿಕ ಸ್ಮಾರಕ ಅಂತ ಹಾಕುವ ಲಾಂಛನ ಇದೆಯಲ್ಲ, ಅದು ಇದೇ ಚಕ್ರವ್ಯೂಹದ ಆಕಾರ.

ಕುಡ್ಲದ_ಜೋ

ಮಕ್ಕಳು ಆಡಿದರೆ ಏನಾಯ್ತು! ಎಂಥ ಕೆಲಸ ಮಾಡಿದರು ಮಾರಾಯ್ರೆ.

ಬಸವನಗುಡಿ_ಹುಡ್ಗ

ಮಾಡಿನ ವಿಷಯ. ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲಿ 2019ರಲ್ಲಿ ಸುಟ್ಟ ಮಾಡನ್ನು ಮತ್ತೆ ಓಕ್ ಮರದಲ್ಲೇ ಕಟ್ಟಿದರು. ರೀಮ್ಸ್‌ನಲ್ಲಿ ಕಾಂಕ್ರೀಟ್ ಅಂತ ಕೇಳಿದೆ. ಹಳೇ ಚರ್ಚಿಗೆ ಕಾಂಕ್ರೀಟ್ ಸುರಿಯೋದು ಅನ್ಯಾಯ ಅಲ್ವಾ?

ಸಿವಿಲ್_ಶೇಷ

ಸುರಿಯಲಿಲ್ಲ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ವಾಸ್ತುಶಿಲ್ಪಿ ಆನ್ರಿ ದನೂ, ಅದೇ ಊರಿನವರು, ಸಣ್ಣ ಸಣ್ಣ ಕಾಂಕ್ರೀಟ್ ತುಂಡುಗಳನ್ನು ಮೊದಲೇ ಎರಕ ಹೊಯ್ದು, ಮರದ ಹಲಗೆ ಕೂಡಿಸಿದಂತೆ ಓಕ್ ಬೆಣೆ ಬಡಿದು ಜೋಡಿಸಿದರು. 16ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫಿಲಿಬೆರ್ ದೆ ಲೋರ್ಮ್ ತುಂಡುಮರದಲ್ಲಿ ಮಾಡು ಕಟ್ಟುವ ವಿಧಾನ ತೋರಿಸಿದ್ದ, ಅದೇ ಉಪಾಯ. ಯುದ್ಧ ಮುಗಿದಾಗ ಅಷ್ಟು ದೊಡ್ಡ ಮರ ತರುವುದು ಎಲ್ಲಿಂದ? ಮತ್ತೆ ಬೆಂಕಿ ಬಿದ್ದರೆ? ಹಣದ ದೊಡ್ಡ ಪಾಲು ಅಮೆರಿಕದ ಧನಿಕ ರಾಕ್‌ಫೆಲ್ಲರ್ ಕೊಟ್ಟರು. 1938ರಲ್ಲಿ ಚರ್ಚು ಪೂರ್ತಿ ತೆರೆಯಿತು. ಪ್ಯಾರಿಸ್‌ನವರು ಮರ ಆರಿಸಿದ್ದೂ ಸರಿ, ಅವರ ಬಳಿ ಮರವೂ ಬಡಗಿಗಳೂ ಇದ್ದರು. ಆದರೆ ನನ್ನ ಮಟ್ಟಿಗೆ ದನೂ ಮಾಡಿದ್ದು ಈ ಕಟ್ಟಡಕ್ಕೆ ಸಂದ ಅತಿ ದೊಡ್ಡ ಮರ್ಯಾದೆ.

ಧಾರವಾಡದಾಕಿ

ಅಂದಂಗ, ಗೋಡಿಯ ಒಳಮೈ ಯಾರಾದರೂ ನೋಡೀರೇನು?

ಶಾಂಪೇನ್_ಸೀಮೆ

ಎರಡು ದಿನದಿಂದ ಓದ್ತಾ ಇದ್ದೆ. ನಾನು ರೀಮ್ಸ್‌ನಲ್ಲೇ ಓದ್ತಿರೋದು, ದಿನಾ ಟ್ರಾಮ್‌ನಲ್ಲಿ ಅದರ ಹತ್ತಿರವೇ ಹಾದುಹೋಗ್ತೀನಿ. ಇವತ್ತು ಸಂಜೆ ಕ್ಲಾಸು ಮುಗಿಸಿ ಹೋದೆ. ಬೆಳಿಗ್ಗೆ ಎದುರುಗೋಡೆ ನೆರಳಲ್ಲಿರುತ್ತೆ, ನಾಲ್ಕೈದು ಗಂಟೆಗೆ ಬಿಸಿಲು ನೇರ ಬೀಳುತ್ತೆ. ಆಗ ಭೇಟಿಯ ಮೇರಿಯ ನೆರಿಗೆಗಳಲ್ಲಿ ನೆರಳು ಸಾಲುಸಾಲಾಗಿ ನಿಂತು ಬಟ್ಟೆ ಒದ್ದೆಯಾದ ಹಾಗೆ ಕಾಣಿಸ್ತು. ಪಕ್ಕದ ಮೇರಿಯ ಮೇಲೆ ಬಿಸಿಲು ಸುಮ್ಮನೆ ಜಾರುತ್ತೆ.

ಆಮೇಲೆ ಒಳಗೆ ಹೋಗಿ ಹಿಂತಿರುಗಿ ನೋಡಿದೆ. ಬಾಗಿಲಿನ ಒಳಗೋಡೆ ತುಂಬ ಗೂಡುಗಳು, ಕೆಳಗಿಂದ ಮೇಲಿನವರೆಗೆ, ಒಂದೊಂದು ಗೂಡಿಗೆ ಒಬ್ಬೊಬ್ಬರು. ನಡುನಡುವೆ ಎಲೆ ಬಳ್ಳಿ ಕೆತ್ತಿದ ಪಟ್ಟಿಗಳು. ಕೆಳಸಾಲಿನಲ್ಲಿ ಸರಪಳಿಯ ಅಂಗಿ ತೊಟ್ಟ ಯೋಧನಿಗೆ ಪಾದ್ರಿ ರೊಟ್ಟಿ ಕೊಡ್ತಿದ್ದಾರೆ. ಹಳೆ ಒಡಂಬಡಿಕೆಯ ಅಬ್ರಹಾಂ ಮತ್ತು ಮೆಲ್ಕಿಜೆದೆಕ್ ಅಂತೆ, ಆದರೆ ಉಡುಪು 13ನೇ ಶತಮಾನದ ಫ್ರಾನ್ಸಿನದು. ಬಾಗಿಲ ನೆತ್ತಿಯ ಗಾಜಿನಿಂದ ಬೆಳಕು ಬಂದು ಅವರ ಪಕ್ಕದ ನೆಲದ ಮೇಲೆ ಬಿದ್ದಿತ್ತು. ಶೇಷಣ್ಣ ಹೇಳಿದ ಕಲ್ಲಿನ ಬದಲು ಗಾಜು ಅನ್ನೋದು ಒಳಗೆ ನಿಂತಾಗಲೇ ಅರ್ಥ ಆಗಿದ್ದು.

ಅಲೆಮಾರಿ_ಹಾಸನ

ನಾನು ಒಳಗೆ ಹೋಗಿ ನೇರ ಪೂರ್ವದ ತುದಿಯಲ್ಲಿರುವ, ಚಿತ್ರಕಾರ ಶಗಾಲ್‌ನ ಬಣ್ಣದ ಗಾಜಿನ ಕಿಟಕಿಗಳ ಕಡೆ ನಡೆದೆ, ವಾಪಸ್ ಬರುವಾಗ ಫೋನ್ ನೋಡ್ತಾ ಬಂದೆ. ಆ ಒಳಗೋಡೆ ಕಣ್ಣಿಗೇ ಬೀಳಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಪ್ಯಾರಿಸ್ ಕೆಲಸ ಇದೆ. ಈ ಸಲ ಮಧ್ಯಾಹ್ನದ ರೈಲು ಹಿಡಿತೀನಿ, ಬೈನಾಕ್ಯುಲರ್ ತರ್ತೀನಿ. ಶಾಂಪೇನ್_ಸೀಮೆ, ನೀವು ಊರಲ್ಲಿದ್ದರೆ ಬಲಗಡೆಯ ಬಾಗಿಲ ಹತ್ತಿರ ಸಿಗೋಣ, ಅಬ್ರಹಾಂನಿಂದ ಶುರು ಮಾಡೋಣ.

ಶಾಂಪೇನ್_ಸೀಮೆ

ಇರ್ತೀನಿ. ಮಾರ್ಚ್‌ನಲ್ಲಿ ಚಳಿ ಇನ್ನೂ ಇರುತ್ತೆ, ಸ್ವೆಟರ್ ತನ್ನಿ.